ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮನೆಯ ಪಿನ್‌ಬಾಲ್ ಮೆಷಿನ್ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಪಿನ್‌ಬಾಲ್ ಆಡುತ್ತಿದ್ದೆ, ಗುಂಡನ್ನು ಮೇಲಕ್ಕೆ ಹೊಡೆಯುವ ಎರಡೂ ಫ್ಲಿಪ್ಪರ್ ಒಟ್ಟಿಗೆ ಒತ್ತಿದೆ. ಲೈಟೆಲ್ಲ ಒಂದು ಕ್ಷಣ ಆರಿತು, ಡಿಸ್‌ಪ್ಲೇ ಖಾಲಿಯಾಯಿತು, ಆಮೇಲೆ 'ಢಂ' ಅಂತ ಒಂದು ಸದ್ದು ಮಾಡಿ ಮೆಷಿನ್ ಮೊದಲಿನಿಂದ ಶುರುವಾಯಿತು. ಅಷ್ಟರಲ್ಲಿ ಮೂರೂ ಗುಂಡು ಕೆಳಗೆ. ನಾನು ಅವತ್ತಿನ ತನಕ ಆಡಿದ್ದರಲ್ಲೇ ಜಾಸ್ತಿ ಸ್ಕೋರು ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದೇ.

ಇದನ್ನು ಸರಿ ಮಾಡೋಕೆ ನನಗೆ ಐದು ವಾರ ಹಿಡಿಯಿತು. ಸರಿಯಾದ ಕಡೆಯಿಂದ ಹುಡುಕಿದ್ದರೆ ಒಂದು ಸಂಜೆಯ ಕೆಲಸ. ಮೊದಲು ಒಂದು ಪಾರ್ಟು ಬದಲಿಸಿದೆ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಯಾವುದೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಏನು ಅಂತ ಮುಂದೆ ಹೇಳ್ತೀನಿ.

ನಾನಿರೋದು ಶಿಕಾಗೋ ಪಕ್ಕದ ಊರಿನಲ್ಲಿ. ಪಿನ್‌ಬಾಲ್‌ಗೆ ಇದು ತವರುಮನೆ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಲ್ಲ ಇಲ್ಲಿಯವೇ. ಹಾಗಾಗಿ ಇಲ್ಲಿ ಮನೆಯ ಬೇಸ್‌ಮೆಂಟಿನಲ್ಲಿ ಹಳೆಯ ಮೆಷಿನ್ ಇಟ್ಟುಕೊಂಡವರು ಬೇಕಾದಷ್ಟು ಜನ ಸಿಗ್ತಾರೆ, ನಮ್ಮ ಕನ್ನಡದವರೂ ಸೇರಿ. ನನ್ನ ಹತ್ತಿರ ಇರೋದು 90ರ ದಶಕದ ಮೆಷಿನ್, ಡಬ್ಲ್ಯೂಪಿಸಿ ಅನ್ನುವ ಬೋರ್ಡ್‌ಗಳದ್ದು. ಆ ದಶಕದಲ್ಲಿ ವಿಲಿಯಮ್ಸ್ ಮತ್ತು ಬ್ಯಾಲಿ ಹೆಸರಿನಲ್ಲಿ ಬಂದ ಹೆಚ್ಚಿನ ಮೆಷಿನ್‌ಗಳಲ್ಲಿ ಇದೇ ಇದೆ, ಆದ್ದರಿಂದ ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ. ನಿಮ್ಮದು ಇನ್ನೂ ಹಳೆಯದೋ ಹೊಸದೋ ಆಗಿದ್ದರೆ ಪಾರ್ಟಿನ ನಂಬರ್ ಬೇರೆ ಇರುತ್ತೆ. ಡಬ್ಲ್ಯೂಪಿಸಿ-95 ಅಂತ ಕೊನೆಗೆ ಬಂದ ಬೋರ್ಡಿನಲ್ಲೂ ಬೇರೆ. ಹುಡುಕುವ ದಾರಿ ಮಾತ್ರ ಒಂದೇ.

ಬೇಕಾಗುವುದು ಜಾಸ್ತಿ ಏನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಪಾರ್ಟು) ಟೆಸ್ಟ್ ಇರುವಂಥದ್ದು. ಎರಡೂ ತುದಿಗೆ ಕ್ಲಿಪ್ ಇರುವ ಒಂದು ವೈರ್. ಟಾರ್ಚು. ಬಿಸಿ ಹೆಚ್ಚು ಕಡಿಮೆ ಮಾಡಲು ಬರುವ ಸೋಲ್ಡರಿಂಗ್ ಐರನ್. ಮುಖ್ಯವಾಗಿ ನಿಮ್ಮ ಮೆಷಿನ್ನಿನ ಮ್ಯಾನ್ಯುಯಲ್. ಅದರಲ್ಲಿ ಪ್ರತಿ ಸ್ವಿಚ್ಚು, ಪ್ರತಿ ಬಲ್ಬು, ಪ್ರತಿ ಕಾಯಿಲ್‌ಗೆ (ಕರೆಂಟು ಹರಿದಾಗ ಕಬ್ಬಿಣದ ಕಡ್ಡಿ ಎಳೆದು ಫ್ಲಿಪ್ಪರ್‌ನಂಥವನ್ನು ಹೊಡೆಸುವ ತಂತಿಯ ಸುರುಳಿ) ಯಾವ ಬಣ್ಣದ ವೈರು, ಅದನ್ನು ಆನ್ ಆಫ್ ಮಾಡುವ ಟ್ರಾನ್ಸಿಸ್ಟರ್ ಯಾವುದು ಅಂತ ಪಟ್ಟಿಯೇ ಇರುತ್ತೆ. ಅದಿಲ್ಲದೆ ಕೈ ಹಾಕಬೇಡಿ.

ಕರೆಂಟಿನ ಮಾತು ಮೊದಲು

ಇದು ಆಟದ ಸಾಮಾನು ಅಂತ ಸಲಿಗೆ ಬೇಡ. ಗೋಡೆಯಿಂದ ಬರುವ ಕರೆಂಟು ಪೆಟ್ಟಿಗೆಯ ಒಳಗೆ ಲೈನ್ ಫಿಲ್ಟರಿಗೂ ಟ್ರಾನ್ಸ್‌ಫಾರ್ಮರಿಗೂ ನೇರವಾಗಿ ಹೋಗುತ್ತೆ. ಕಾಯಿಲ್‌ಗಳಿಗೆ ಹೋಗುವ ಡಿಸಿ ಮ್ಯಾನ್ಯುಯಲ್‌ನಲ್ಲಿ 50 ವೋಲ್ಟ್ ಅಂತ ಬರೆದಿದ್ದರೂ, ಸುಮ್ಮನಿರುವಾಗ ಮೀಟರ್ ಇಟ್ಟರೆ 70ರ ಹತ್ತಿರ ತೋರಿಸುತ್ತೆ. ಚುಕ್ಕಿ ಚುಕ್ಕಿಯ ಡಿಸ್‌ಪ್ಲೇಗೆ ಮೈನಸ್ 125 ವೋಲ್ಟ್ ತನಕ ಹೋಗುತ್ತೆ. ಆ ಕಡೆ ಕೆಲಸವಿಲ್ಲದಿದ್ದರೆ ಮುಟ್ಟಲೇಬೇಡಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ಕಾಸು ಹಾಕುವ ಬಾಗಿಲ ಒಳಗೆ ರಿಪೇರಿಯವರಿಗೆ ಅಂತ ಒಂದು ಪ್ಲಗ್ ಪಾಯಿಂಟ್ ಇರುತ್ತೆ, ಮೆಷಿನ್ ಸ್ವಿಚ್ ಆಫ್ ಮಾಡಿದರೂ ಅದರಲ್ಲಿ ಕರೆಂಟು ಇರುತ್ತೆ. ಅದಕ್ಕೆ ನಾನು ಸ್ವಿಚ್ಚನ್ನು ನಂಬುವುದಿಲ್ಲ. ಗೋಡೆಯ ಪ್ಲಗ್ಗನ್ನೇ ಕೀಳುತ್ತೇನೆ.

ಕನೆಕ್ಟರ್ ತೆಗೆಯುವುದು, ಹಾಕುವುದು, ಫ್ಯೂಸ್ ಕೀಳುವುದು, ಬೆಸುಗೆ, ಎಲ್ಲ ಪ್ಲಗ್ ಕಿತ್ತ ಮೇಲೆಯೇ. ವೋಲ್ಟ್ ಅಳೆಯುವಾಗ, ಆನ್ ಮಾಡಿ ಅಂತ ಹೇಳಿದ ಪರೀಕ್ಷೆಗೆ ಮಾತ್ರ ಆನ್. ಆಗಲೂ ಉಂಗುರ, ಬಳೆ, ಲೋಹದ ವಾಚು ತೆಗೆದಿಡಿ, ಒಂದೇ ಕೈಯಲ್ಲಿ ಕೆಲಸ ಮಾಡಿ. ಪ್ಲೇಫೀಲ್ಡ್, ಅಂದರೆ ಗುಂಡು ಓಡುವ ಹಲಗೆ, ಎತ್ತುವ ಮೊದಲು ಗುಂಡುಗಳನ್ನು ಹೊರಗೆ ತೆಗೆಯಿರಿ. ಉಕ್ಕಿನ ಗುಂಡು ಉರುಳಿ ಎರಡು ವೈರಿನ ನಡುವೆ ಕೂತರೆ ಮತ್ತೆ ಹೊಸ ಕಥೆ.

ಮೆಷಿನ್ನನ್ನೇ ಕೇಳಿ

ಈ ಮೆಷಿನ್‌ಗಳಲ್ಲಿ ನನಗೆ ಇಷ್ಟವಾಗುವುದೇ ಇದು. ಏನಾಗಿದೆ ಅಂತ ತಾನೇ ಹೇಳುತ್ತೆ. ಆಟವಿಲ್ಲದಾಗ ಡಿಸ್‌ಪ್ಲೇಯಲ್ಲಿ ಕ್ರೆಡಿಟ್ ಅಂತ ಬರುತ್ತಲ್ಲ, ಆ ಅಂಕಿಯ ಪಕ್ಕ ಒಂದು ಸಣ್ಣ ಚುಕ್ಕಿ ಇದೆಯಾ ನೋಡಿ. ಇದ್ದರೆ ಮೆಷಿನ್‌ಗೆ ಏನೋ ದೂರಿದೆ ಅಂತ ಅರ್ಥ. ಬಾಗಿಲು ತೆಗೆದು ಒಳಗಿನ ನಾಲ್ಕು ಬಟನ್ನಿನಲ್ಲಿ ಎಂಟರ್ ಒತ್ತಿದರೆ ಯಾವ ಸ್ವಿಚ್ಚು ಎಷ್ಟೋ ಹೊತ್ತಿನಿಂದ ಮಾತಾಡಿಲ್ಲ, ಯಾವ ಸಾಲು ಶಾರ್ಟ್ ಆಗಿದೆ ಅಂತ ಪಟ್ಟಿ ಕೊಡುತ್ತೆ. ನಾನು ಆ ಚುಕ್ಕಿಯನ್ನು ಎರಡು ವರ್ಷ ಡಿಸ್‌ಪ್ಲೇಯ ಮೇಲಿನ ಧೂಳು ಅಂದುಕೊಂಡಿದ್ದೆ.

ಅಲ್ಲಿಂದ ಟೆಸ್ಟ್ ಮೆನುಗೆ ಹೋಗಬಹುದು. ಟಿ.1 ಸ್ವಿಚ್ ಟೆಸ್ಟ್, ಟಿ.4 ಕಾಯಿಲ್ ಟೆಸ್ಟ್, ಅದರ ಮುಂದೆ ಲೈಟು, ಸೌಂಡು. ಒಂದು ಎಚ್ಚರ: 90ರ ದಶಕದ ನಡುವಿನಿಂದ ಈಚಿನ ಮೆಷಿನ್‌ಗಳಲ್ಲಿ ಬಾಗಿಲು ತೆಗೆದ ಕೂಡಲೇ ಕಾಯಿಲ್‌ಗಳ ಕರೆಂಟು ಕಟ್ ಆಗುತ್ತೆ, ಸುರಕ್ಷತೆಗೆ. ಬಾಗಿಲ ಪಕ್ಕದ ಸ್ವಿಚ್ಚಿನ ಬಿಳಿ ಗುಬುಟನ್ನು ಹೊರಗೆ ಎಳೆದರೆ ವಾಪಸ್ ಬರುತ್ತೆ. ಇದು ಗೊತ್ತಿಲ್ಲದೆ "ಅಯ್ಯೋ, ಒಂದು ಕಾಯಿಲೂ ಕೆಲಸ ಮಾಡ್ತಿಲ್ಲ" ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ ಸ್ನೇಹಿತರಿದ್ದಾರೆ.

ಡಿಸ್‌ಪ್ಲೇಯೇ ಬರದಿದ್ದರೆ? ಮೇಲಿನ ಪೆಟ್ಟಿಗೆ ತೆರೆದು ಸಿಪಿಯು ಬೋರ್ಡಿನ ಮೂರು ಪುಟ್ಟ ಎಲ್‌ಇಡಿ ನೋಡಿ: ಡಿ19, ಡಿ20, ಡಿ21. ಆನ್ ಮಾಡಿದ ಕ್ಷಣ ಬಿಟ್ಟರೆ ಡಿ19 ಆರಿರಬೇಕು, ಡಿ20 ಮಿಣುಕುತ್ತಲೇ ಇರಬೇಕು, ಡಿ21 ಉರಿಯುತ್ತಿರಬೇಕು. ಹಾಗಿದ್ದರೆ ಮೆದುಳು ಕೆಲಸ ಮಾಡುತ್ತಿದೆ, ತೊಂದರೆ ಡಿಸ್‌ಪ್ಲೇ ಕಡೆ. ಡಿ21 ಆರಿದ್ದರೆ 5 ವೋಲ್ಟೇ ಬರುತ್ತಿಲ್ಲ.

ಫ್ಯೂಸ್

ಫ್ಯೂಸನ್ನು ಕಣ್ಣಿನಿಂದ ನೋಡಿ ತೀರ್ಮಾನ ಮಾಡಬೇಡಿ. ಅದು ಕೂತ ಜಾಗದಲ್ಲೇ ಮೀಟರ್ ಇಟ್ಟೂ ಮಾಡಬೇಡಿ, ಬೇರೆ ದಾರಿಯಿಂದ ಕರೆಂಟು ಸುತ್ತಿ ಬಂದು ಸರಿಯಿದೆ ಅಂತ ಸುಳ್ಳು ಹೇಳುತ್ತೆ. ಹೊರಗೆ ತೆಗೆದು, ಎರಡೂ ತುದಿಗೆ ಮೀಟರ್ ಇಟ್ಟು, ಬೀಪ್ ಬಂದರೆ ಸರಿ. ಒಳಗೆ ತಂತಿ ಹೊಳೆಯುತ್ತಿದ್ದರೂ ತುದಿಯಲ್ಲಿ ಬಿಟ್ಟುಹೋದ ಫ್ಯೂಸನ್ನು ನಾನು ಕಂಡಿದ್ದೇನೆ. ಹಿಡಿಯುವ ಕ್ಲಿಪ್ಪು ಸಡಿಲವಾಗಿದೆಯಾ, ಕಪ್ಪಾಗಿದೆಯಾ ಅಂತಲೂ ನೋಡಿ.

ಊರಲ್ಲಿ ಫ್ಯೂಸ್ ಹೋದರೆ ಕೈಗೆ ಸಿಕ್ಕಿದ ತಂತಿ ಸುತ್ತಿ ಮುಗಿಸುವ ಅಭ್ಯಾಸ ನಮಗಿದೆ. ಇಲ್ಲಿ ಅದನ್ನು ಮಾಡಿದರೆ ಫ್ಯೂಸ್ ಬದಲು ಬೋರ್ಡಿನ ತಾಮ್ರದ ಗೆರೆ ಸುಡುತ್ತೆ, ಇಲ್ಲವೇ ಕಾಯಿಲ್. ಬರೆದಿರುವಷ್ಟೇ ಆಂಪು, ಸ್ಲೋ ಬ್ಲೋ (ನಿಧಾನಕ್ಕೆ ಸುಡುವಂಥದ್ದು) ಅಂದಿದ್ದರೆ ಸ್ಲೋ ಬ್ಲೋ. ಹೊಸ ಫ್ಯೂಸೂ ಹೋಯಿತಾ? ಮೂರನೆಯದನ್ನು ಹಾಕಬೇಡಿ. ಎಲ್ಲೋ ಶಾರ್ಟ್ ಇದೆ.

ಆನ್ ಮಾಡಿದಾಗ 'ಚೆಕ್ ಫ್ಯೂಸಸ್ ಎಫ್115 ಅಂಡ್ ಎಫ್116' ಅಂತ ಡಿಸ್‌ಪ್ಲೇಯಲ್ಲಿ ಬಂದರೆ ಗಾಬರಿ ಬೇಡ. ಸ್ವಿಚ್ಚುಗಳಿಗೂ ಬೆಳಕಿನ ಸೆನ್ಸರ್‌ಗಳಿಗೂ ಹೋಗುವ 12 ವೋಲ್ಟ್ ಸಿಗುತ್ತಿಲ್ಲ ಅಂತ ಮೆಷಿನ್ ಊಹೆ ಮಾಡುತ್ತಿದೆ. ಊಹೆ ಅಷ್ಟೇ. ಎರಡು ಫ್ಯೂಸೂ ಸರಿಯಿದ್ದು, ಕನೆಕ್ಟರ್ ಒಂದು ಕಳಚಿಕೊಂಡಿದ್ದರೂ ಅದೇ ಮಾತು ಹೇಳುತ್ತೆ.

ಆಟದ ನಡುವೆ ತಾನೇ ರೀಸೆಟ್ ಆಗುವುದು

ಈಗ ನನ್ನ ಐದು ವಾರದ ಕಥೆ. ಈ ಮೆಷಿನ್‌ಗಳ ಅತಿ ಹೆಸರುವಾಸಿ ಕಾಯಿಲೆ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಸಿಪಿಯುಗೆ 5 ವೋಲ್ಟ್ ಬೇಕು. ಅದು ಇಳಿದು 4.6ರ ಹತ್ತಿರ ಬಂದರೆ ಬೋರ್ಡಿನ ಮೇಲಿರುವ ಒಂದು ಕಾವಲುಗಾರ ಚಿಪ್ಪು ಸಿಪಿಯುವನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತೆ. ಅರೆಬರೆ ಕರೆಂಟಿನಲ್ಲಿ ಸಿಪಿಯು ಹುಚ್ಚುಹುಚ್ಚಾಗಿ ಆಡಬಾರದು ಅಂತ ಈ ಏರ್ಪಾಡು. ಫ್ಲಿಪ್ಪರ್‌ಗಳೇ ಮೆಷಿನ್ನಿನಲ್ಲಿ ದೊಡ್ಡ ಹೊಟ್ಟೆಬಾಕರು. ಎರಡನ್ನೂ ಒಟ್ಟಿಗೆ ಒತ್ತಿದಾಗ ಟ್ರಾನ್ಸ್‌ಫಾರ್ಮರಿನ ಮೇಲೆ ಭಾರ ಬಿದ್ದು ಎಲ್ಲ ವೋಲ್ಟೇಜೂ ಸ್ವಲ್ಪ ಕುಸಿಯುತ್ತೆ. ಎಲ್ಲ ಗಟ್ಟಿಯಿದ್ದರೆ 5 ವೋಲ್ಟಿಗೆ ಅದು ತಾಗುವುದಿಲ್ಲ. ಎಲ್ಲೋ ಒಂದು ಕಡೆ ಬಲ ಕಡಿಮೆಯಾಗಿದ್ದರೆ ತಾಗುತ್ತೆ.

ಆ 5 ವೋಲ್ಟ್ ಬರುವ ದಾರಿ ಹೀಗಿದೆ. ಗೋಡೆಯ 120 ವೋಲ್ಟ್ ಟ್ರಾನ್ಸ್‌ಫಾರ್ಮರಿಗೆ. ಅಲ್ಲಿಂದ ಇಳಿದ ಎಸಿ, ಜೆ101 ಅನ್ನುವ ಕನೆಕ್ಟರ್ ಮೂಲಕ, ಕಾಯಿಲ್, ಲೈಟುಗಳನ್ನು ನಡೆಸುವ ಡ್ರೈವರ್ ಬೋರ್ಡಿಗೆ. ಅಲ್ಲಿ ಬಿಆರ್2 ಅನ್ನುವ ಬ್ರಿಡ್ಜ್ ಅದನ್ನು ಡಿಸಿ ಮಾಡುತ್ತೆ. ಪಕ್ಕದಲ್ಲೇ ಸಿ5 ಅಂತ ಒಂದು ದಪ್ಪ ಕೆಪಾಸಿಟರ್, 15,000 ಮೈಕ್ರೋಫ್ಯಾರಡ್. ಇದನ್ನು ಮನೆಯ ಓವರ್‌ಹೆಡ್ ಟ್ಯಾಂಕ್ ಅಂದುಕೊಳ್ಳಿ. ಬ್ರಿಡ್ಜಿನಿಂದ ಬರುವುದು ನಲ್ಲಿ ನೀರಿನ ಹಾಗೆ ಬಂದು ಬಂದು ನಿಲ್ಲುತ್ತೆ, ನಡುವಿನ ಖಾಲಿಯನ್ನು ಟ್ಯಾಂಕ್ ತುಂಬುತ್ತೆ. ವಯಸ್ಸಾದಂತೆ ಟ್ಯಾಂಕ್ ಚಿಕ್ಕದಾಗುತ್ತೆ. ಆಮೇಲೆ ಎಲ್‌ಎಂ323ಕೆ ಅನ್ನುವ ರೆಗ್ಯುಲೇಟರ್, ಅದರ ಕೆಲಸ 5 ವೋಲ್ಟನ್ನು ಅಲುಗಾಡದೆ ಕೊಡುವುದು, ಆದರೆ ಒಳಗೆ ಬರುವ ವೋಲ್ಟು ಏಳೂವರೆಯ ಆಸುಪಾಸಿನಿಂದ ಕೆಳಗೆ ಇಳಿದರೆ ಅದೂ ಕೈಚೆಲ್ಲುತ್ತೆ. ಅಲ್ಲಿಂದ ಇನ್ನೊಂದು ಕನೆಕ್ಟರ್ ದಾಟಿ ಸಿಪಿಯು ಬೋರ್ಡಿಗೆ.

ನಾನು ಮಾಡಿದ್ದು: ಬಿಆರ್2 ಕಿತ್ತು ಹೊಸದು ಹಾಕಿದೆ. ಸರಿಹೋಗಲಿಲ್ಲ. ಸಿ5 ಬದಲಿಸಿದೆ. ಎರಡು ದಿನ ಸರಿಯಿತ್ತು, ಮತ್ತೆ ಶುರು. ರೆಗ್ಯುಲೇಟರ್ ಬದಲಿಸಿದೆ. ಅಷ್ಟರಲ್ಲಿ ಹಳೆಯ ಬೋರ್ಡಿನಲ್ಲಿ ಪದೇ ಪದೇ ಬೆಸುಗೆ ಹಾಕಿ ಒಂದು ತಾಮ್ರದ ಗೆರೆಯನ್ನೂ ಎಬ್ಬಿಸಿದ್ದೆ. ಕೊನೆಗೆ ಬೋರ್ಡ್ ಬಿಚ್ಚಿ ತಿರುಗಿಸಿ ಭೂತಗನ್ನಡಿ ಹಿಡಿದು ನೋಡಿದರೆ, ಜೆ101ರ ಒಂದು ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳನೆ ಬಿರುಕು, ಪಿನ್ನಿನ ಸುತ್ತ ಉಂಗುರದ ಹಾಗೆ. ಬಿಸಿಯಾದಾಗ ಬಿಡುತ್ತಿತ್ತು, ತಣ್ಣಗಾದಾಗ ಹಿಡಿಯುತ್ತಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ವರ್ಷಗಟ್ಟಲೆ ಕನೆಕ್ಟರ್ ಎಳೆದು ಹಾಕಿದರೆ, ಆಡುವಾಗ ಅಲುಗಾಡಿದರೆ, ಹೀಗಾಗುತ್ತೆ.

ನೀವು ಹೀಗೆ ಮಾಡಿ. ಮೊದಲು ಗೋಡೆಯ ಪಾಯಿಂಟಿನಲ್ಲಿ ವೋಲ್ಟ್ ನೋಡಿ. 115ಕ್ಕಿಂತ ಕೆಳಗಿದ್ದರೆ ಅಥವಾ ಅದೇ ಲೈನಿನಲ್ಲಿ ಡಿಹ್ಯುಮಿಡಿಫೈಯರ್, ಫ್ರಿಜ್ಜು ಇದ್ದರೆ ಬೇರೆ ಪಾಯಿಂಟಿಗೆ ಹಾಕಿ ನೋಡಿ. ಎರಡನೆಯದು, ಡ್ರೈವರ್ ಬೋರ್ಡಿನ ಟಿಪಿ2 ಮತ್ತು ಟಿಪಿ5 ನಡುವೆ ಡಿಸಿ ಅಳೆಯಿರಿ. ಟಿಪಿ ಅಂದರೆ ಬೋರ್ಡಿನ ಮೇಲೆ ಮೀಟರ್ ಇಡುವ ಜಾಗ. ಟಿಪಿ5 ಗ್ರೌಂಡ್, ಅಂದರೆ ಸೊನ್ನೆ ವೋಲ್ಟು. 4.95ರಿಂದ 5.05 ಬಂದರೆ ಚೆನ್ನಾಗಿದೆ, 4.9ಕ್ಕಿಂತ ಕಡಿಮೆಯಾದರೆ ಅನುಮಾನ. ಮೂರನೆಯದು, ಅದೇ 5 ವೋಲ್ಟನ್ನು ಸಿಪಿಯು ಬೋರ್ಡಿನ ಮೇಲೆ ಅಳೆಯಿರಿ. ಇಲ್ಲಿ 5.00, ಅಲ್ಲಿ 4.82 ಬಂದರೆ ಕಳ್ಳ ನಡುವಿನ ಕನೆಕ್ಟರಿನಲ್ಲೇ ಇದ್ದಾನೆ. ಬ್ರಿಡ್ಜಿಗೂ ಕೆಪಾಸಿಟರಿಗೂ ಕೈ ಹಾಕುವ ಅಗತ್ಯವೇ ಇಲ್ಲ. ಮೀಟರಿನಲ್ಲಿ ಮಿನ್-ಮ್ಯಾಕ್ಸ್ ಇದ್ದರೆ ಅದನ್ನು ಒತ್ತಿ, ಯಾರನ್ನಾದರೂ ಕರೆದು ಎರಡೂ ಫ್ಲಿಪ್ಪರ್ ಪಟಪಟ ಒತ್ತಿಸಿ, ಎಷ್ಟಕ್ಕೆ ಇಳಿಯುತ್ತೆ ನೋಡಿ. ನಮ್ಮನೆಯಲ್ಲಿ ಈ ಕೆಲಸಕ್ಕೆ ಮಗಳು ಸದಾ ತಯಾರು.

ಆಮೇಲೆ ಪ್ಲಗ್ ಕಿತ್ತು ಜೆ101 ಕನೆಕ್ಟರ್ ಹೊರಗೆಳೆದು ನೋಡಿ. ಕಂದುಬಣ್ಣ, ಕರಗಿದ ಪ್ಲಾಸ್ಟಿಕ್ಕು, ಮಂಕಾದ ಪಿನ್ ಇದ್ದರೆ ಬೋರ್ಡಿನ ಕಡೆಯ ಪಿನ್ನೂ ವೈರಿನ ಕಡೆಯ ಪಿನ್ನೂ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತೆ. ಬೋರ್ಡಿನ ಹಿಂಭಾಗದಲ್ಲಿ ಬೆಸುಗೆಯ ಉಂಗುರ ಬಿರುಕು ಹುಡುಕಿ, ಹಳೆಯ ಸೀಸ ಹೀರಿ ತೆಗೆದು ಹೊಸದಾಗಿ ಬೆಸೆಯಿರಿ. ಫ್ಲಿಪ್ಪರ್ ಕಾಯಿಲ್ ಮೇಲಿನ ಡಯೋಡ್‌ಗಳ ಕಾಲು ಮುರಿದಿದೆಯಾ ಅಂತಲೂ ಬಗ್ಗಿ ನೋಡಿ. ಡಯೋಡ್ ಇಲ್ಲದಿದ್ದರೆ ಕಾಯಿಲ್ ಬಿಟ್ಟಾಗ ಹುಟ್ಟುವ ಎದುರು ವೋಲ್ಟೇಜ್ ವೈರಿಗೆ ಹರಿದು ಮೆಷಿನ್ ರೀಸೆಟ್ ಆಗುವುದುಂಟು. ಆ ಡಯೋಡ್ ಬೆಲೆ ಕೆಲವೇ ಸೆಂಟು.

ಇಷ್ಟೆಲ್ಲ ಸರಿಯಿದ್ದೂ ರೀಸೆಟ್ ಆದರೆ ಆಗ ಬಿಆರ್2, ಸಿ5. ಬ್ರಿಡ್ಜ್ ಮೀಟರಿನಲ್ಲಿ ಸರಿಯಿದೆ ಅಂತ ತೋರಿಸಿ, ಬಿಸಿಯಾದಾಗ ಭಾರ ಬಿದ್ದಾಗ ಕೈಕೊಡುವುದು ಇದೆ. ಹಾಗಾಗಿ ಈ ಎರಡನ್ನೂ ಬದಲಿಸುವುದಾದರೆ ಒಟ್ಟಿಗೆ ಬದಲಿಸಿ, ಬೋರ್ಡ್ ಒಂದೇ ಸಲ ಬಿಚ್ಚಬೇಕು. 35 ಆಂಪಿನ ಬ್ರಿಡ್ಜ್ ಸಾಕು. ಗಾಳಿ ಆಡಲಿ ಅಂತ ಬೋರ್ಡಿನಿಂದ ಸ್ವಲ್ಪ ಎತ್ತರಕ್ಕೆ ಕೂರಿಸಿ. ಹಳೆಯದನ್ನು ಎಳೆದು ಕೀಳಬೇಡಿ. ಕಾಲುಗಳನ್ನು ಕತ್ತರಿಸಿ, ಒಂದೊಂದನ್ನೇ ಬಿಸಿಮಾಡಿ ತೆಗೆಯಿರಿ. ಹೊಸದು ಹಾಕಿದ ಮೇಲೆ ಬ್ರಿಡ್ಜಿನ ಪ್ಲಸ್ಸಿನಿಂದ ಕೆಪಾಸಿಟರಿನ ಪ್ಲಸ್ಸಿಗೆ, ಮೈನಸ್ಸಿನಿಂದ ಮೈನಸ್ಸಿಗೆ ಮೀಟರಿನಲ್ಲಿ ಬೀಪ್ ಬರುತ್ತಾ ಅಂತ ಪರೀಕ್ಷಿಸಿ. ಬರದಿದ್ದರೆ ಗೆರೆ ಕಿತ್ತಿದೆ, ಹಿಂಬದಿಯಲ್ಲಿ ದಪ್ಪ ವೈರ್ ಬೆಸೆದುಬಿಡಿ. ನನ್ನ ಬೋರ್ಡಿನಲ್ಲಿ ಅಂಥ ಎರಡು ವೈರ್ ಇವೆ.

ಕಾಯಿಲ್ ಹೊಡೆಯುತ್ತಿಲ್ಲ, ಅಥವಾ ಹೊಡೆದುಕೊಂಡೇ ನಿಂತಿದೆ

ಎರಡನೆಯದು ಮೊದಲು. ಆನ್ ಮಾಡಿದ ಕೂಡಲೇ ಒಂದು ಕಾಯಿಲ್ 'ಟಪ್' ಅಂತ ಎಳೆದುಕೊಂಡು ಬಿಡದೆ ನಿಂತರೆ ತಕ್ಷಣ ಆಫ್ ಮಾಡಿ. ಯೋಚನೆ ಆಮೇಲೆ. ಕ್ಷಣಮಾತ್ರ ಹೊಡೆಯುವುದಕ್ಕೆ ಮಾಡಿದ ಕಾಯಿಲ್ ಅದು, ಸುಮ್ನೆ ಬಿಟ್ಟರೆ ಸ್ವಲ್ಪ ಹೊತ್ತಿಗೇ ಹೊಗೆ ಬರುತ್ತೆ. ಇದರ ಕಾರಣ ಹೆಚ್ಚಾಗಿ ಅದನ್ನು ನಡೆಸುವ ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆಗಿರುವುದು. ಸಣ್ಣ ಕಾಯಿಲ್‌ಗಳಿಗೆ ಟಿಐಪಿ102, ದೊಡ್ಡವಕ್ಕೆ ಟಿಐಪಿ102 ಜೊತೆ ಟಿಐಪಿ36ಸಿ.

ಟಿಐಪಿ102 ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ಮೀಟರನ್ನು ಡಯೋಡ್ ಟೆಸ್ಟಿಗೆ ಇಡಿ. ಕಪ್ಪು ಕಡ್ಡಿ ಟ್ರಾನ್ಸಿಸ್ಟರಿನ ಲೋಹದ ಬೆನ್ನಿಗೆ, ಕೆಂಪು ಕಡ್ಡಿ ಮೊದಲು ಎಡಗಾಲಿಗೆ, ಆಮೇಲೆ ಬಲಗಾಲಿಗೆ. ಎರಡೂ ಕಡೆ 0.4ರಿಂದ 0.6 ಬರಬೇಕು. ಸೊನ್ನೆಯೋ ಸೊನ್ನೆಯ ಹತ್ತಿರವೋ ಬಂದರೆ ಸತ್ತಿದೆ. ಪಕ್ಕದ ಟ್ರಾನ್ಸಿಸ್ಟರಿಗೂ ಇಟ್ಟು ಹೋಲಿಸಿ. ಅದೇ ನಿಮ್ಮ ಗುರು.

ಬದಲಿಸುವ ಮೊದಲು, ಅದು ಸತ್ತಿದ್ದೇಕೆ ಅಂತ ಕೇಳಿ. ಕಾಯಿಲ್‌ನ ವೈರ್ ಬಿಡಿಸಿ ಓಮ್ಸ್ ನೋಡಿ. 2ಕ್ಕಿಂತ ಕಡಿಮೆ ಬಂದರೆ ಒಳಗಿನ ಸುತ್ತುಗಳು ಸುಟ್ಟು ಒಂದಕ್ಕೊಂದು ಅಂಟಿವೆ, ಅದೇ ಕಾಯಿಲ್ ಇಟ್ಟು ಹೊಸ ಟ್ರಾನ್ಸಿಸ್ಟರ್ ಹಾಕಿದರೆ ಅದನ್ನೂ ತಿನ್ನುತ್ತೆ. ಕಾಯಿಲ್ ಮೇಲೆ ಡಯೋಡ್ ಇದ್ದರೆ ಅದನ್ನೂ ನೋಡಿ. ಡಯೋಡಿನ ಪಟ್ಟೆ ಇರುವ ತುದಿ ಕರೆಂಟು ಬರುವ ವೈರಿನ ಕಡೆಗೇ ಇರಬೇಕು. ಒಮ್ಮೆ ನಾನು ತಿರುಗಾಮುರುಗ ಬೆಸೆದು, ಆನ್ ಮಾಡಿ, ಕಾಯಿಲ್ ಹೊಡೆದ ತಕ್ಷಣ ಫ್ಯೂಸೂ ಹೊಸ ಟ್ರಾನ್ಸಿಸ್ಟರೂ ಒಟ್ಟಿಗೆ ಹೋದವು. ದೊಡ್ಡ ಟ್ರಾನ್ಸಿಸ್ಟರ್ ಸತ್ತಿದ್ದರೆ ಅದರ ಹಿಂದಿನ ಚಿಕ್ಕವನ್ನೂ ಪರೀಕ್ಷಿಸಿ. ಒಬ್ಬ ಬಿದ್ದಾಗ ಹಿಂದಿನವನನ್ನೂ ಎಳೆದುಕೊಂಡು ಬಿದ್ದಿರುತ್ತಾನೆ.

ಈಗ ಹೊಡೆಯದ ಕಾಯಿಲ್. ಇಲ್ಲೊಂದು ಚಂದದ ಪರೀಕ್ಷೆಯಿದೆ. ಕಪ್ಪು ಕಡ್ಡಿ ಗ್ರೌಂಡಿಗೆ ಕಚ್ಚಿಸಿ, ಕೆಂಪು ಕಡ್ಡಿಯನ್ನು ಕಾಯಿಲ್‌ನ ಎರಡು ಕಾಲಿಗೂ ಒಂದಾದ ಮೇಲೊಂದು ಮುಟ್ಟಿಸಿ. ಡಿಸಿಯಲ್ಲಿ, ಬಾಗಿಲ ಗುಬುಟು ಎಳೆದು. ಸುಮ್ಮನಿರುವ ಕಾಯಿಲ್‌ನ ಎರಡೂ ಕಾಲಿನಲ್ಲಿ 70 ವೋಲ್ಟಿನ ಹತ್ತಿರ ಇರಬೇಕು. "ಎರಡರಲ್ಲೂ ಹೇಗೆ?" ಅಂತ ಅನಿಸುತ್ತೆ ಅಲ್ವಾ. ಇಲ್ಲಿ ಕರೆಂಟು ಸದಾ ಕಾಯಿಲ್ ತನಕ ಬಂದು ಕಾಯುತ್ತಿರುತ್ತೆ, ಟ್ರಾನ್ಸಿಸ್ಟರ್ ಇನ್ನೊಂದು ತುದಿಯನ್ನು ಗ್ರೌಂಡಿಗೆ ಎಳೆದಾಗ ಮಾತ್ರ ಹರಿಯುತ್ತೆ. ಎರಡರಲ್ಲೂ ಇದ್ದರೆ ಕರೆಂಟೂ ಸರಿ, ಕಾಯಿಲೂ ಸರಿ, ತೊಂದರೆ ಅಲ್ಲಿಂದ ಬೋರ್ಡಿನ ಕಡೆಗೆ. ಒಂದರಲ್ಲಿ 70, ಇನ್ನೊಂದರಲ್ಲಿ ಸೊನ್ನೆ ಅಂದರೆ ಕಾಯಿಲ್ ಒಳಗಿನ ತಂತಿ ತುಂಡಾಗಿದೆ. ಅದು ಹೆಚ್ಚಾಗಿ ತಂತಿ ಕಾಲಿಗೆ ಸುತ್ತಿಕೊಳ್ಳುವ ಜಾಗದಲ್ಲೇ ತುಂಡಾಗಿರುತ್ತೆ, ಕೆಲವೊಮ್ಮೆ ಮೇಲಿನ ಬಣ್ಣ ಕೆರೆದು ಮತ್ತೆ ಬೆಸೆಯಬಹುದು. ಎರಡರಲ್ಲೂ ಸೊನ್ನೆ ಅಂದರೆ ಕರೆಂಟೇ ಬರುತ್ತಿಲ್ಲ. ಫ್ಯೂಸು, ಇಲ್ಲವೇ ಕಾಯಿಲ್‌ನಿಂದ ಕಾಯಿಲ್‌ಗೆ ಸರಪಣಿಯ ಹಾಗೆ ಹೋಗುವ ವೈರು ಎಲ್ಲೋ ಬಿಟ್ಟಿದೆ. ಬಿಟ್ಟ ಜಾಗದಿಂದ ಮುಂದಿನ ಎಲ್ಲ ಕಾಯಿಲೂ ಸತ್ತಂತೆ ಕಾಣುತ್ತವೆ.

ಕರೆಂಟು, ಕಾಯಿಲ್ ಎರಡೂ ಸರಿಯಿದ್ದರೆ ಮುಂದಿನ ಹೆಜ್ಜೆ. ಕ್ಲಿಪ್ ವೈರಿನ ಒಂದು ತುದಿ ಗ್ರೌಂಡಿಗೆ, ಇನ್ನೊಂದು ತುದಿಯನ್ನು ಆ ಕಾಯಿಲ್‌ನ ಟಿಐಪಿ102 ಬೆನ್ನಿಗೆ ಚಕ್ಕನೆ ತಾಗಿಸಿ ತೆಗೆಯಿರಿ. ಕಾಯಿಲ್ ಹೊಡೆದರೆ ಬೋರ್ಡಿನಿಂದ ಕಾಯಿಲ್ ತನಕ ವೈರ್ ಸರಿಯಿದೆ, ಟ್ರಾನ್ಸಿಸ್ಟರೋ ಅದಕ್ಕೆ ಬರುವ ಆಜ್ಞೆಯೋ ಕೆಟ್ಟಿದೆ. ಹೊಡೆಯದಿದ್ದರೆ ನಡುವಿನ ವೈರು, ಕನೆಕ್ಟರ್ ನೋಡಿ. ಮ್ಯಾನ್ಯುಯಲ್ ನೋಡಿ ಸರಿಯಾದ ಟ್ರಾನ್ಸಿಸ್ಟರ್ ಅಂತ ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಅದೇ ಬೋರ್ಡಿನಲ್ಲಿ ಲೈಟಿನ ಟಿಐಪಿ107 ಸಾಲೂ ಇದೆ, ನೋಡೋಕೆ ಅಣ್ಣತಮ್ಮಂದಿರ ಹಾಗೆ. ಅವಕ್ಕೆ ಹೀಗೆ ಮಾಡಿದರೆ ನೀವೇ ಶಾರ್ಟ್ ಮಾಡಿದಂತೆ.

ಫ್ಲಿಪ್ಪರ್ ಹೊಡೆಯುತ್ತೆ, ಆದರೆ ಬಲವಿಲ್ಲ ಅಂದರೆ ಎಲೆಕ್ಟ್ರಾನಿಕ್ಸ್ ಬಿಟ್ಟುಬಿಡಿ. ಒಳಗಿನ ಪ್ಲಾಸ್ಟಿಕ್ ತೋಳು ಸವೆದಿರುತ್ತೆ, ಕಬ್ಬಿಣದ ತುದಿ ಹೊಡೆದು ಹೊಡೆದು ಅಣಬೆಯ ಹಾಗೆ ಹರಡಿರುತ್ತೆ. ರಿಪೇರಿ ಕಿಟ್ ತಂದು ಪೂರ್ತಿ ಬದಲಿಸಿ.

ಸ್ವಿಚ್ಚುಗಳು

ಸ್ವಿಚ್ಚುಗಳು 8 ಕಂಬ, 8 ಸಾಲುಗಳ ಬಲೆಯಲ್ಲಿ ಇರುತ್ತವೆ. 64 ಸ್ವಿಚ್ಚಿಗೆ 64 ಜೋಡಿ ವೈರ್ ಎಳೆಯುವ ಬದಲು 16 ವೈರಿನಲ್ಲಿ ಮುಗಿಸುವ ಉಪಾಯ. ಕಂಬದ ವೈರುಗಳು ಹಸಿರು, ಸಾಲಿನವು ಬಿಳಿ, ಮೇಲೆ ಬೇರೆ ಬೇರೆ ಬಣ್ಣದ ಗೆರೆ.

ಒಂದೇ ಸ್ವಿಚ್ ಸತ್ತಿದ್ದರೆ ಆ ಸ್ವಿಚ್ಚೋ ಅದರ ಬೆಸುಗೆಯೋ ಡಯೋಡೋ ಕೆಟ್ಟಿದೆ. ಒಂದು ಸಾಲಿನ ಎಲ್ಲವೂ, ಅಥವಾ ಒಂದು ಕಂಬದ ಎಲ್ಲವೂ ಸತ್ತಿದ್ದರೆ ವೈರ್, ಕನೆಕ್ಟರ್ ಅಥವಾ ಬೋರ್ಡಿನ ಚಿಪ್ಪು. ಕಂಬಕ್ಕೆ ಯುಎಲ್‌ಎನ್2803, ಸಾಲಿಗೆ ಎಲ್‌ಎಂ339. ಬೋರ್ಡೋ ವೈರೋ ಅಂತ ಬೇರೆ ಮಾಡಲು, ಪ್ಲಗ್ ಕಿತ್ತು ಸಿಪಿಯು ಬೋರ್ಡಿನಿಂದ ಸ್ವಿಚ್ ಕನೆಕ್ಟರ್‌ಗಳನ್ನು ಕಳಚಿ, ಆನ್ ಮಾಡಿ ಟಿ.1ಕ್ಕೆ ಹೋಗಿ, ಬೋರ್ಡಿನ ಒಂದು ಕಂಬದ ಪಿನ್ನನ್ನೂ ಒಂದು ಸಾಲಿನ ಪಿನ್ನನ್ನೂ ಒಂದು ಡಯೋಡ್ ಇರುವ ವೈರಿನಿಂದ ಸೇರಿಸಿ. ಪಟ್ಟೆ ಇರುವ ತುದಿ ಕಂಬದ ಕಡೆ. ಡಿಸ್‌ಪ್ಲೇಯಲ್ಲಿ ಆ ಚೌಕ ತುಂಬಿದರೆ ಬೋರ್ಡ್ ನಿರಪರಾಧಿ, ತೊಂದರೆ ಪ್ಲೇಫೀಲ್ಡ್ ಕೆಳಗಿದೆ.

ಒಂದು ಸ್ವಿಚ್ ಒತ್ತಿದರೆ ಎಲ್ಲೋ ಇನ್ನೊಂದು ಮಾತಾಡುವ ಭೂತಚೇಷ್ಟೆ ಕೂಡ ಇದೆ. ಆಯತದ ಮೂರು ಮೂಲೆಯ ಸ್ವಿಚ್ಚು ಮುಚ್ಚಿದಾಗ ನಾಲ್ಕನೆಯದೂ ಮುಚ್ಚಿದಂತೆ ಕಂಡರೆ, ಆ ನಾಲ್ಕರ ಪೈಕಿ ಯಾವುದೋ ಡಯೋಡ್ ಶಾರ್ಟ್ ಆಗಿದೆ. ಕಾಗದದ ಮೇಲೆ ಚೌಕ ಬರೆದುಕೊಂಡು ಹುಡುಕಿ, ಬೇಗ ಸಿಗುತ್ತೆ.

ಈ ಚಿಪ್ಪುಗಳು ತಾವಾಗಿ ಸಾಯುವುದು ಕಡಿಮೆ. ಕಾಯಿಲ್‌ನ ಕರೆಂಟು ಸ್ವಿಚ್ಚಿನ ವೈರಿಗೆ ತಾಗಿದರೆ ಸಾಯುತ್ತವೆ. ನಾನು ಆನ್ ಇರುವಾಗಲೇ ಪ್ಲೇಫೀಲ್ಡ್ ಎತ್ತಿ ಒಂದು ಸ್ಕ್ರೂ ಬಿಗಿ ಮಾಡಲು ಹೋಗಿ ಅದನ್ನು ಬೀಳಿಸಿದೆ. ಅದು ಹೋಗಿ ಕಾಯಿಲ್ ಕಾಲಿಗೂ ಪಕ್ಕದ ಟಾರ್ಗೆಟ್ ಸ್ವಿಚ್ಚಿಗೂ ಸೇತುವೆ ಕಟ್ಟಿತು. ಒಂದು ಕಿಡಿ, ಒಂದು ಕಂಬ ಪೂರ್ತಿ ಸತ್ತಿತು. ಚಿಪ್ಪು ಬದಲಿಸುವಾಗ ಸಾಕೆಟ್ ಹಾಕಿದೆ, ಮುಂದಿನ ಸಲಕ್ಕೆ ಅಂತ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ.

ಬೆಳಕಿನ ಸೆನ್ಸರ್‌ಗಳದ್ದು ಒಂದು ಮಾತು. ಒಂದು ಕಡೆಯಿಂದ ಕಣ್ಣಿಗೆ ಕಾಣದ ಬೆಳಕು, ಇನ್ನೊಂದು ಕಡೆ ಅದನ್ನು ಹಿಡಿಯುವುದು. ಉರಿಯುತ್ತಿದೆಯಾ ಅಂತ ನೋಡೋಕೆ ಫೋನಿನ ಕ್ಯಾಮೆರಾ ಹಿಡಿಯಿರಿ, ನೇರಳೆ ಬಣ್ಣದ ಚುಕ್ಕಿ ಕಾಣುತ್ತೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಉರಿಯುತ್ತಿದ್ದೂ ಕೆಲಸ ಮಾಡದಿದ್ದರೆ ಹತ್ತಿ ಕಡ್ಡಿಯಲ್ಲಿ ಧೂಳು ಒರೆಸಿ.

ಲೈಟು, ಮತ್ತೆ ಊರಿನ ಕರೆಂಟು

ಸದಾ ಉರಿಯುವ ಲೈಟುಗಳಲ್ಲಿ ಒಂದು ಗುಂಪು ಪೂರ್ತಿ ಆರಿದ್ದರೆ ಡ್ರೈವರ್ ಬೋರ್ಡಿನ ಜೆ115, ಜೆ120, ಜೆ121 ನೋಡಿ. 6.3 ವೋಲ್ಟ್ ಎಸಿಯಲ್ಲಿ ಅಷ್ಟೊಂದು ಬಲ್ಬು ಉರಿಸಿದರೆ ಆಂಪು ಜಾಸ್ತಿ, ಪಿನ್ನು ಕಾದು ಕಾದು ಪ್ಲಾಸ್ಟಿಕ್ ಕಪ್ಪಾಗಿರುತ್ತೆ. ಇಲ್ಲೂ ಎರಡೂ ಕಡೆ ಬದಲಿಸಬೇಕು. ಎಲ್‌ಇಡಿ ಬಲ್ಬ್ ಹಾಕಿದರೆ ಭಾರ ಇಳಿಯುತ್ತೆ. ಚಂದ ಕಾಣುತ್ತಾ ಅನ್ನೋದು ಬೇರೆ ಜಗಳ, ನನಗೆ ಹಳೆಯ ಹಳದಿ ಬೆಳಕೇ ಇಷ್ಟ.

ಇಲ್ಲಿಂದ ವಾಪಸ್ ಹೋಗುವಾಗ ಮೆಷಿನ್ನನ್ನೂ ಬೆಂಗಳೂರಿಗೆ ತೆಗೆದುಕೊಂಡು ಹೋಗುವವರು ಇದ್ದಾರೆ. ಅಲ್ಲಿ 230 ವೋಲ್ಟ್. ನೇರವಾಗಿ ಪ್ಲಗ್ ಹಾಕಿದರೆ ಮುಗಿಯಿತು. ಸುಲಭದ ದಾರಿ, ಸಾಕಷ್ಟು ವ್ಯಾಟಿನ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಇನ್ನೊಂದು ದಾರಿ, ಮೆಷಿನ್ನಿನ ಟ್ರಾನ್ಸ್‌ಫಾರ್ಮರಿನ ಜಂಪರ್ ವೈರ್‌ಗಳನ್ನು ಮ್ಯಾನ್ಯುಯಲ್ ನೋಡಿ 230ಕ್ಕೆ ಬದಲಿಸುವುದು. ಆಗ ಲೈನ್ ಫಿಲ್ಟರ್ ಹತ್ತಿರದ ವೇರಿಸ್ಟರ್ (ವೋಲ್ಟು ಮಿತಿಮೀರಿದಾಗ ತಡೆಯುವ ಪಾರ್ಟು), ಮುಖ್ಯ ಫ್ಯೂಸ್ ಎರಡನ್ನೂ 230ಕ್ಕೆ ತಕ್ಕಂತೆ ಬದಲಿಸಲೇಬೇಕು. 120ರ ವೇರಿಸ್ಟರ್ ಹಾಗೇ ಬಿಟ್ಟರೆ ಆನ್ ಮಾಡಿದ ಕೂಡಲೇ ಸಿಡಿಯುತ್ತೆ.

ಬ್ಯಾಟರಿ

ಉಳಿದದ್ದೆಲ್ಲ ಕೆಟ್ಟಾಗ ನೋಡಿದರೆ ಸಾಕು, ಇದನ್ನು ಈಗಲೇ ನೋಡಿ. ಸಿಪಿಯು ಬೋರ್ಡಿನ ಮೇಲೆ ಮೂರು ಎಎ ಬ್ಯಾಟರಿ ಇವೆ, ಸ್ಕೋರು, ಸೆಟ್ಟಿಂಗು ನೆನಪಿಡೋಕೆ. ಆನ್ ಮಾಡಿದಾಗಲೆಲ್ಲ ಫ್ಯಾಕ್ಟರಿ ಸೆಟ್ಟಿಂಗ್ ಅಂತ ಬರುತ್ತಿದ್ದರೆ ಅವು ಮುಗಿದಿವೆ. ಮುಗಿದರೆ ತೊಂದರೆಯಿಲ್ಲ, ಸೋರಿದರೆ ತೊಂದರೆ. ಸೋರಿದ ದ್ರವ ಕೆಳಗಿಳಿದು ತಾಮ್ರದ ಗೆರೆಗಳನ್ನೂ ಚಿಪ್ಪಿನ ಕಾಲುಗಳನ್ನೂ ತಿನ್ನುತ್ತೆ. ಹಸಿರು ನೀಲಿ ಪುಡಿ ಕಂಡರೆ ಬೋರ್ಡ್ ಬಿಚ್ಚಿ, ಅರ್ಧ ಬಿಳಿ ವಿನೆಗರ್, ಅರ್ಧ ನೀರು ಸೇರಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ನೀರಿನಲ್ಲಿ ತೊಳೆದು, ಆಲ್ಕೋಹಾಲ್‌ನಲ್ಲಿ ಒರೆಸಿ, ಒಂದೆರಡು ದಿನ ಪೂರ್ತಿ ಒಣಗಿಸಿ. ಹೊಳಪು ಹೋದ ಬೆಸುಗೆ ತೆಗೆದು ಹೊಸದು ಹಾಕಿ, ಗೆರೆಗಳನ್ನು ಒಂದೊಂದಾಗಿ ಮೀಟರಿನಲ್ಲಿ ನೋಡಿ.

ಸೋರಿಲ್ಲದಿದ್ದರೆ ಅದೃಷ್ಟವಂತರು. ಬ್ಯಾಟರಿ ಪೆಟ್ಟಿಗೆಯನ್ನು ವೈರ್ ಎಳೆದು ಬೋರ್ಡುಗಳಿಂದ ದೂರಕ್ಕೆ, ಕೆಳಗೆ ಎಲ್ಲಾದರೂ ಹಾಕಿ. ಇಲ್ಲವೇ ಮೆಮೊರಿ ಚಿಪ್ಪನ್ನೇ ತೆಗೆದು ಬ್ಯಾಟರಿ ಬೇಡದ ಎನ್‌ವಿರ್ಯಾಮ್ ಹಾಕಿಬಿಡಿ. ನಾನು ಎರಡನೆಯದು ಮಾಡಿದ್ದೇನೆ. ಆ ಕಳೆದುಹೋದ ಸ್ಕೋರನ್ನು ಮತ್ತೆ ಮುಟ್ಟಿದರೆ ಅದರಲ್ಲಿ ಉಳಿಯುತ್ತೆ. ಇನ್ನೂ ಮುಟ್ಟಿಲ್ಲ. ಸದ್ಯ ಮೊದಲ ಸ್ಥಾನದಲ್ಲಿರುವುದು ಮಗಳ ಹೆಸರು.